ವಕೀಲರ ಕುರ್ಚಿ ಬಾಗಿಲ ಹೊರಗೆ

ನಮ್ಮ ಭಾವ ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ. ಕೆಲವು ವರ್ಷದ ಹಿಂದೆ ಅವರನ್ನು ಒಂದು ಲಂಚದ ಕೇಸಿನ ಟ್ರ್ಯಾಪ್‌ಗೆ ಪಂಚರಾಗಿ ಕರೆಸಿಕೊಂಡಿದ್ದರು. ಟ್ರ್ಯಾಪ್‌ಗೆ ಸಾಮಾನ್ಯವಾಗಿ ಬೇರೆ ಇಲಾಖೆಯ ನೌಕರರನ್ನೇ ಹೀಗೆ ಸಾಕ್ಷಿಗೆ ಕರೆಯುತ್ತಾರೆ. ರಾತ್ರಿ ಮನೆಗೆ ಬಂದವರು ತಟ್ಟೆ ಮುಂದೆ ಸುಮ್ನೆ ಕೂತರು. "ಆ ನೀರು ಗುಲಾಬಿ ಬಣ್ಣಕ್ಕೆ ತಿರುಗಿದ್ದು ಕಣ್ಣಿಂದ ಹೋಗ್ತಿಲ್ಲ ಕಣೋ" ಅಂದರು.

ನಡೆಯುವುದು ಇಷ್ಟು. ದೂರು ಕೊಟ್ಟವರ ಕೈಲಿ ಕಳಿಸುವ ನೋಟಿಗೆ ಫಿನಾಲ್ಫ್ತಲೀನ್ ಪುಡಿ ಸವರಿರುತ್ತಾರೆ. ನೋಟಿನ ನಂಬರು ಮೊದಲೇ ಮಹಜರಿನಲ್ಲಿ ಇರುತ್ತದೆ. ಹಣ ಮುಟ್ಟಿದವರ ಬೆರಳನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿಸುತ್ತಾರೆ. ಪುಡಿ ತಾಗಿದ್ದರೆ ನೀರು ಗುಲಾಬಿ. ಆ ನೀರನ್ನು ಬಾಟಲಿಗೆ ತುಂಬಿ, ಸೀಲು ಮಾಡಿ, ಚೀಟಿಯ ಮೇಲೆ ಪಂಚರ ಸಹಿ ಹಾಕಿಸಿ ಲ್ಯಾಬ್‌ಗೆ ಕಳಿಸುತ್ತಾರೆ.

ಭಾವ ಹೇಳಿದ್ದರಲ್ಲಿ ನನಗೆ ಬಣ್ಣಕ್ಕಿಂತ ಜಾಸ್ತಿ ತಲೆಯಲ್ಲಿ ಉಳಿದದ್ದು ಆಮೇಲೆ ನಡೆದ ಒಂದು ಸಣ್ಣ ಕೆಲಸ. ಸಿಕ್ಕಿಬಿದ್ದ ನೌಕರನ ಮುಂದೆ ಒಂದು ಬಿಳಿ ಹಾಳೆ ಇಟ್ಟರಂತೆ. ಈ ಹಣ ನಿಮ್ಮ ಹತ್ತಿರ ಹೇಗೆ ಬಂತು, ಸಮಜಾಯಿಷಿ ಬರೆದುಕೊಡಿ ಎಂದರಂತೆ. ಕೈ ಇನ್ನೂ ಒದ್ದೆ. ಹಾಳೆಯ ಅಂಚು ನೆನೆದಿತ್ತು. ಆತ ನಾಲ್ಕು ಸಾಲು ಗೀಚಿ ಸಹಿ ಹಾಕಿದ. ಹಿಡಿದದ್ದು ಐದು ನಿಮಿಷ.

ಆ ನಾಲ್ಕು ಸಾಲಿನ ಬೆಲೆ ಅವತ್ತು ಆತನಿಗೆ ಗೊತ್ತಾಗಿರಲಿಕ್ಕಿಲ್ಲ. ನಮ್ಮ ರಾಜ್ಯದ ಟ್ರ್ಯಾಪ್ ಕೇಸುಗಳಲ್ಲಿ ಆ ಹಾಳೆ ಕೋರ್ಟಿಗೆ ಹೋಗುವ ದಾಖಲೆ. ವರ್ಷಗಳಾದ ಮೇಲೆ "ಅದು ನಾನು ಕೊಟ್ಟ ಕೈಸಾಲ, ವಾಪಸ್ ಬಂದಿತ್ತು" ಅಂತ ವಾದ ಹೂಡಿದರೆ, ಹಾಗಿದ್ದರೆ ಅವತ್ತೇ ಯಾಕೆ ಬರೆಯಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಭ್ರಷ್ಟಾಚಾರ ತಡೆ ಕಾಯ್ದೆಯ 20ನೇ ಸೆಕ್ಷನ್ ಬೇರೆ ಇದೆ. ಹಣ ಕೇಳಿದ್ದು, ಪಡೆದದ್ದು ಎರಡೂ ಸಾಬೀತಾದರೆ ಅದು ಲಂಚವೇ ಎಂದು ಕೋರ್ಟು ಭಾವಿಸಬೇಕು. ಅಲ್ಲ ಎಂದು ತೋರಿಸುವ ಹೊಣೆ ಆರೋಪಿಯ ತಲೆ ಮೇಲೆ. ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7.

ಸರ್ಕಾರಿ ತನಿಖೆಗಳಲ್ಲಿ ಕೇಸು ಕಟ್ಟುವುದು ಕೋರ್ಟಿನಲ್ಲಲ್ಲ. ಅದಕ್ಕೂ ಬಹಳ ಮೊದಲು, ಇಂಥ ಐದು ನಿಮಿಷಗಳಲ್ಲಿ. ಆದರೆ ವಕೀಲರನ್ನು ಜೊತೆಗಿಟ್ಟುಕೊಳ್ಳುವ ಹಕ್ಕು ಗಟ್ಟಿಯಾಗಿರುವುದು ಕೋರ್ಟಿನಲ್ಲಿ. ಕೇಸು ಕಟ್ಟುವ ಕೋಣೆಯಲ್ಲಿ ವಕೀಲರಿಗೆ ಕುರ್ಚಿ ಇಲ್ಲ. ಇದ್ದರೂ ಬಾಗಿಲ ಹೊರಗೆ.

ಈ ಹೊರಗಿನ ಕುರ್ಚಿಯ ಮೇಲೇ ವೃತ್ತಿ ಕಟ್ಟಿಕೊಂಡ ಸಣ್ಣ ಕಚೇರಿಗಳಿವೆ. ಬೆಂಗಳೂರಿನಲ್ಲಿ ಅವಕ್ಕೆ ಬೂಟಿಕ್ ಲಾ ಫರ್ಮ್ ಅನ್ನುತ್ತಾರೆ. ನಮ್ಮೂರಲ್ಲಿ ಬೂಟಿಕ್ ಅಂದರೆ ಬ್ಲೌಸ್‌ಗೆ ಆರಿ ವರ್ಕ್ ಹಾಕಿಸುವ ಅಂಗಡಿ. ಹೋಲಿಕೆ ಅಂಥ ತಪ್ಪೇನಲ್ಲ ಅನ್ನಿ. ಅಲ್ಲೂ ರೆಡಿಮೇಡ್ ಇಲ್ಲ, ಅಳತೆ ತೆಗೆದೇ ಹೊಲಿಯಬೇಕು. ನಮ್ಮ ಕಡೆಯ ವಕೀಲರು ಸಾಮಾನ್ಯವಾಗಿ ಎಲ್ಲಾ ಕೇಸೂ ನೋಡುವವರು. ಬೆಳಿಗ್ಗೆ ಪಾಲು ವಿಭಾಗದ ದಾವೆ, ಮಧ್ಯಾಹ್ನ ಚೆಕ್ ಬೌನ್ಸ್, ಸಂಜೆ ಅಪಘಾತ ಪರಿಹಾರ. ಇವರು ಹಾಗಲ್ಲ. ನಾನು ಕಂಡ ಒಂದು ಕಚೇರಿ ಬಿ.ಎಚ್. ರಸ್ತೆಯ ಹತ್ತಿರ ಮಹಡಿ ಮೇಲಿದೆ. ಒಬ್ಬರು ಸೀನಿಯರ್, ಇಬ್ಬರು ಜೂನಿಯರ್, ವಾರಕ್ಕೆ ಎರಡು ದಿನ ಬಂದು ಕೂರುವ ಒಬ್ಬ ಲೆಕ್ಕಪರಿಶೋಧಕರು. ಅಷ್ಟೇ ಸಂಸಾರ. ಬೆಳಿಗ್ಗೆ ಆರಕ್ಕೆ ಫೋನು ಎತ್ತುವುದೇ ಅವರ ದೊಡ್ಡ ಬಂಡವಾಳ. ದಾಳಿ ಶುರುವಾಗುವುದೂ ಆ ಹೊತ್ತಿಗೇ ಅಲ್ವಾ?

ತುಮಕೂರಿನಂಥ ಊರಿಗೆ ಇಂಥ ಕಚೇರಿ ಯಾಕೆ ಬೇಕು ಅಂದರೆ ಜಿಲ್ಲೆಯನ್ನು ಒಮ್ಮೆ ನೋಡಿ. ಹತ್ತು ತಾಲ್ಲೂಕು. ಬೆಂಗಳೂರಿಗೆ 70 ಕಿಲೋಮೀಟರು. ವಸಂತನರಸಾಪುರದ ಕೈಗಾರಿಕಾ ಪ್ರದೇಶ, ತಿಪಟೂರಿನ ಕೊಬ್ಬರಿ, ಗುಬ್ಬಿ ಕಡೆಯ ಅಡಿಕೆ. ಚಿಕ್ಕನಾಯಕನಹಳ್ಳಿ ಕಡೆ ಕಬ್ಬಿಣದ ಅದಿರು. 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದ ಸುಪ್ರೀಂ ಕೋರ್ಟು, ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಅದನ್ನು ವಿಸ್ತರಿಸಿತ್ತು. ಇಂಥ ತನಿಖೆಗಳಲ್ಲಿ ಬುಲಾವ್ ಬರುವುದು ಮಾಲೀಕರಿಗೆ ಮಾತ್ರ ಅಂದುಕೊಳ್ಳಬೇಡಿ. ಪರ್ಮಿಟ್ ಬರೆದ ಗುಮಾಸ್ತ, ತೂಕದ ಸೇತುವೆಯ ಹುಡುಗ, ಎರಡು ಲಾರಿ ಇಟ್ಟುಕೊಂಡವರಿಗೂ ಬರುತ್ತದೆ.

ಬಾಗಿಲು ತಟ್ಟುವವರು ಯಾರು ಅನ್ನುವುದೂ ಆಗಾಗ ಬದಲಾಗಿದೆ. 2016ರಲ್ಲಿ ರಾಜ್ಯ ಸರ್ಕಾರ ಎಸಿಬಿ, ಅಂದರೆ ಭ್ರಷ್ಟಾಚಾರ ನಿಗ್ರಹ ದಳ ಮಾಡಿತು. 2022ರ ಆಗಸ್ಟ್ 11ರಂದು ಹೈಕೋರ್ಟು ಅದನ್ನು ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಗೆ ವಾಪಸ್ ಕೊಟ್ಟಿತು. ಇದಲ್ಲದೆ ವಾಣಿಜ್ಯ ತೆರಿಗೆ ಇಲಾಖೆ, ಕೇಂದ್ರ ಜಿಎಸ್‌ಟಿ, ಆದಾಯ ತೆರಿಗೆ, ದೊಡ್ಡ ಮೊತ್ತವಾದರೆ ಜಾರಿ ನಿರ್ದೇಶನಾಲಯ, ಅಂದರೆ ಇ.ಡಿ. ಒಂದೊಂದಕ್ಕೂ ಬೇರೆ ಕಾಯ್ದೆ, ಬೇರೆ ಸೆಕ್ಷನ್, ಬೇರೆ ನಡವಳಿಕೆ. ಎಲ್ಲವನ್ನೂ 'ರೇಡ್' ಎಂಬ ಒಂದೇ ಮಾತಿನಲ್ಲಿ ಸುತ್ತಿಬಿಡುತ್ತೇವೆ. ಗೊಂದಲ ಅಲ್ಲೇ ಶುರು.

ಟಿವಿಯಲ್ಲಿ ಜಾಸ್ತಿ ಕಾಣುವುದು ಆದಾಯಕ್ಕಿಂತ ಹೆಚ್ಚಿನ ಆಸ್ತಿಯ ಕೇಸು. ಮಂಚದ ಮೇಲೆ ಸರ, ಬಳೆ, ನೋಟಿನ ಕಟ್ಟು ಹರಡಿಟ್ಟ ಫೋಟೊ. ವಕೀಲರ ಮೇಜಿನ ಮೇಲೆ ಅದೇ ಕೇಸು ಬರೀ ಕೂಡು ಕಳೆ ಲೆಕ್ಕ. ಒಂದು ಅವಧಿ ಹಿಡಿಯುತ್ತಾರೆ. ಆ ಅವಧಿಯಲ್ಲಿ ಗಳಿಸಿದ ಆಸ್ತಿ, ಮಾಡಿದ ಖರ್ಚು ಎರಡನ್ನೂ ಕೂಡುತ್ತಾರೆ. ಅದರಿಂದ ಆದಾಯ ಕಳೆಯುತ್ತಾರೆ. ಉಳಿದದ್ದು ಆದಾಯದ ಶೇಕಡಾ ಎಷ್ಟು ಅನ್ನುವುದೇ ಆರೋಪ.

ಉದಾಹರಣೆಗೆ ಆಸ್ತಿ 90 ಲಕ್ಷ, ಖರ್ಚು 40 ಲಕ್ಷ, ಆದಾಯ 1 ಕೋಟಿ ಎನ್ನಿ. ಹೆಚ್ಚುವರಿ 30 ಲಕ್ಷ, ಅಂದರೆ ಶೇ 30. ಈಗ ಆ ನೌಕರನಿಗೆ ಊರಲ್ಲಿ ಅಡಿಕೆ ತೋಟ ಇದೆ, ಆ ವರ್ಷಗಳಲ್ಲಿ ಅದರಿಂದ 20 ಲಕ್ಷ ಬಂದಿದೆ ಎಂದು ದಾಖಲೆ ಸಮೇತ ತೋರಿಸಿದರೆ ಆದಾಯ 1.20 ಕೋಟಿ ಆಗುತ್ತದೆ. ಹೆಚ್ಚುವರಿ 10 ಲಕ್ಷಕ್ಕೆ ಇಳಿಯುತ್ತದೆ. ಶೇ 8ರ ಆಸುಪಾಸು. 1977ರ ಕೃಷ್ಣಾನಂದ ಅಗ್ನಿಹೋತ್ರಿ ಪ್ರಕರಣದಲ್ಲಿ ಹೆಚ್ಚುವರಿ ಶೇ 10ಕ್ಕಿಂತ ಕಡಿಮೆ ಇದ್ದದ್ದನ್ನು ನೋಡಿ ಸುಪ್ರೀಂ ಕೋರ್ಟು ಆರೋಪಿಯನ್ನು ಬಿಟ್ಟಿತ್ತು. ಹಾಗಂತ ಶೇ 10 ಎಂಬುದು ಕಾಯ್ದೆಯಲ್ಲಿ ಬರೆದಿಟ್ಟ ರಿಯಾಯಿತಿ ಅಲ್ಲ. ಆದರೂ ಇವತ್ತಿಗೂ ವಕೀಲರು ಆ ಗೆರೆ ಹತ್ತಿರ ತಲುಪಲು ಹರಸಾಹಸ ಮಾಡುತ್ತಾರೆ.

ತೊಡಕು ಬರುವುದು ಪಹಣಿಯಲ್ಲಿ. ತೋಟ ಹದಿನೈದು ವರ್ಷದಿಂದ ಫಲ ಕೊಡುತ್ತಿದ್ದರೂ ಪಹಣಿಯ ಬೆಳೆ ಕಾಲಂನಲ್ಲಿ 'ರಾಗಿ' ಅಂತ ಕೂತಿರುತ್ತದೆ. ಯಾರೂ ಬದಲಾಯಿಸಿರುವುದಿಲ್ಲ. ಅಡಿಕೆ ಮಾರಿದ್ದು ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ, ಚೀಟಿ ಇಲ್ಲ. ಮಾವನ ಮನೆಯಿಂದ ಬಂದ ಚಿನ್ನಕ್ಕೆ ಮದುವೆ ಫೋಟೊ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಸೈಟು ಕೊಂಡಾಗ ಇಲಾಖೆಗೆ ತಿಳಿಸಿರುವುದಿಲ್ಲ, ವರ್ಷಾವರ್ಷ ಕೊಡಬೇಕಾದ ಆಸ್ತಿ ವಿವರದಲ್ಲೂ ಬರೆದಿರುವುದಿಲ್ಲ. 2018ರ ತಿದ್ದುಪಡಿಗೆ ಮೊದಲು, ನೌಕರರ ನಿಯಮದಂತೆ ತಿಳಿಸದ ಆದಾಯವನ್ನು ಕಾಯ್ದೆ 'ಗೊತ್ತಿರುವ ಮೂಲ' ಎಂದು ಒಪ್ಪುತ್ತಿರಲಿಲ್ಲ. ನಾನು ಹೇಳಿದ ಆ ಮಹಡಿ ಕಚೇರಿಯಲ್ಲಿ ಒಂದು ಮಧ್ಯಾಹ್ನ ಕಂಡದ್ದು: ಜೂನಿಯರ್ ಹುಡುಗಿ ನೆಲದ ಮೇಲೆ ಮದುವೆ ಆಲ್ಬಂ ಬಿಚ್ಚಿಕೊಂಡು, ಭೂತಗನ್ನಡಿ ಹಿಡಿದು, ಮದುಮಗಳ ಕೊರಳಲ್ಲಿರುವ ಸರಗಳನ್ನು ಮಹಜರಿನ ಪಟ್ಟಿಯ ಜೊತೆ ತಾಳೆ ನೋಡುತ್ತಿದ್ದಳು. "ಅವಲಕ್ಕಿ ಸರ ಸಿಕ್ತು ಸಾರ್, ಕಾಸಿನ ಸರ ಇನ್ನೂ ಇಲ್ಲ" ಅಂದಳು. ಇದು ಸಿನಿಮಾದಲ್ಲಿ ತೋರಿಸುವ ವಕೀಲಿಕೆ ಅಲ್ಲ.

ಈ ಲೆಕ್ಕವನ್ನು ಯಾವಾಗ ಕೊಡಬೇಕು ಅನ್ನುವುದು ನಿಜವಾದ ಕಸುಬು. ಎಫ್‌ಐಆರ್‌ಗೆ ಮೊದಲೇ ಕರೆದು ವಿವರಣೆ ಕೇಳುತ್ತಾರೆ ಎಂದು ನಂಬಿ ಕೂತರೆ ಕೆಟ್ಟಿರಿ. ಪ್ರಾಥಮಿಕ ವಿಚಾರಣೆ ಕಡ್ಡಾಯ ಅಲ್ಲ ಎಂದು 2025ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ್ದೇ ಪ್ರಕರಣಗಳಲ್ಲಿ ಹೇಳಿದೆ. ಹಾಗಾಗಿ ತನಿಖೆ ನಡೆಯುತ್ತಿರುವಾಗಲೇ ತನಿಖಾಧಿಕಾರಿಯ ಕಡತಕ್ಕೆ ನಮ್ಮ ದಾಖಲೆ ಸೇರಬೇಕು. ಅವಸರದಲ್ಲಿ ಅರ್ಧಂಬರ್ಧ ಕೊಟ್ಟರೆ ಅದೇ ತಿರುಗುಬಾಣ. ತಡ ಮಾಡಿದರೆ ದೋಷಾರೋಪ ಪಟ್ಟಿ ಬಂದು, ಆಮೇಲೆ ವರ್ಷಗಟ್ಟಲೆ ಕೋರ್ಟು. ಅಷ್ಟರಲ್ಲಿ ಅಮಾನತು, ಇಲಾಖಾ ವಿಚಾರಣೆ, ನಿಂತ ಬಡ್ತಿ ಎಲ್ಲ ಆಗಿರುತ್ತದೆ.

ಹೇಳಿಕೆಯ ವಿಷಯ ಇನ್ನೂ ನಾಜೂಕು. ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ನೀವು ಸಹಿ ಹಾಕಬೇಕಿಲ್ಲ. ಅದು ನೇರವಾಗಿ ಸಾಕ್ಷ್ಯವೂ ಆಗುವುದಿಲ್ಲ. ಆದರೆ ಇ.ಡಿ. ಅಧಿಕಾರಿ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ 50ನೇ ಸೆಕ್ಷನ್ ಕೆಳಗೆ ಕರೆದರೆ ಕಥೆ ಬೇರೆ. ಹೋಗಲೇಬೇಕು, ಸತ್ಯ ಹೇಳಲೇಬೇಕು, ಸಹಿ ಹಾಕಬೇಕು. ಆ ಹೇಳಿಕೆಯನ್ನು ಕೋರ್ಟಿನಲ್ಲಿ ಬಳಸಬಹುದು. 2022ರ ಜುಲೈ 27ರ ವಿಜಯ್ ಮದನ್‌ಲಾಲ್ ಚೌಧರಿ ತೀರ್ಪು ಈ ವ್ಯವಸ್ಥೆಯನ್ನು ಎತ್ತಿಹಿಡಿದಿದೆ. ಕಸ್ಟಮ್ಸ್, ಅಬಕಾರಿ ಸುಂಕದ ವಿಚಾರಣೆಯಲ್ಲಿ ವಕೀಲರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಹಕ್ಕಿಲ್ಲ ಎಂದು 1992ರಲ್ಲೇ ಸುಪ್ರೀಂ ಕೋರ್ಟು ಹೇಳಿಯಾಗಿತ್ತು. ಕೆಲವು ಪ್ರಕರಣಗಳಲ್ಲಿ ಕೋರ್ಟುಗಳು ಕನಿಕರಪಟ್ಟು ವಕೀಲರು 'ಕಾಣುವಷ್ಟು ಹತ್ತಿರ, ಕೇಳಿಸದಷ್ಟು ದೂರ' ಇರಬಹುದು ಎಂದಿವೆ. ಗಾಜಿನ ಬಾಗಿಲಾಚೆ ಕೂತು ಕಕ್ಷಿದಾರನ ತುಟಿ ಅಲ್ಲಾಡುವುದನ್ನು ನೋಡುವುದು. ಪೊಲೀಸ್ ವಿಚಾರಣೆಯಲ್ಲಿ, ಬಂಧನವಾದ ಮೇಲೆ, ವಕೀಲರನ್ನು ಭೇಟಿಯಾಗಬಹುದು. ಆದರೆ ವಿಚಾರಣೆ ಉದ್ದಕ್ಕೂ ಅಲ್ಲ.

ಅದಕ್ಕೇ ಕೆಲಸವೆಲ್ಲ ಹಿಂದಿನ ರಾತ್ರಿ. ಯಾವ ಕಾಯ್ದೆಯ ಯಾವ ಸೆಕ್ಷನ್‌ನಲ್ಲಿ ಕರೆದಿದ್ದಾರೆ, ಸಾಕ್ಷಿಯಾಗಿಯೋ ಆರೋಪಿಯಾಗಿಯೋ ಎಂಬುದನ್ನು ಮೊದಲು ನೋಡುತ್ತಾರೆ. ಸಿಆರ್‌ಪಿಸಿ ಜಾಗಕ್ಕೆ ಬಂದ ಹೊಸ ಕಾಯ್ದೆ ಬಿಎನ್‌ಎಸ್‌ಎಸ್‌ನಲ್ಲಿ ಸಾಕ್ಷಿಗೆ ಸೆಕ್ಷನ್ 179, ಆರೋಪಿಗೆ 35(3). ಹೆಂಗಸರನ್ನು, 60 ದಾಟಿದ ಗಂಡಸರನ್ನು ಸಾಕ್ಷಿಯಾಗಿ ಠಾಣೆಗೆ ಕರೆಸುವಂತಿಲ್ಲ, ಮನೆಗೇ ಬಂದು ಕೇಳಬೇಕು. 35(3)ರ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸುವಂತಿಲ್ಲ ಎಂದು 2025ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿದೆ. (ವಿಡಿಯೊ ಕಾಲ್‌ನಲ್ಲಿ ಬಂದು 'ಡಿಜಿಟಲ್ ಅರೆಸ್ಟ್' ಅನ್ನುವವನಂತೂ ಅಪ್ಪಟ ಕಳ್ಳ. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ.) ಆಮೇಲೆ ಕಕ್ಷಿದಾರನಿಗೆ ಹೇಳುವ ಮಾತು ಎರಡೇ: ಗೊತ್ತಿದ್ದದ್ದನ್ನು ಹೇಳು, ಊಹೆ ಮಾಡಿ ಹೇಳಬೇಡ.

ಭಾಷೆಯ ತೊಡಕನ್ನು ಇದಕ್ಕೆ ಸೇರಿಸಿಕೊಳ್ಳಿ. ನಮ್ಮ ಕಡೆಯವರು ಮಾತಾಡುವುದು ಹೇಗೆ? "ಅವರು ದುಡ್ಡು ಹಾಕಿರಬೌದು ಸಾರ್, ನಾನೇನ್ ಕಂಡೆ." ಕನ್ನಡ ಬಾರದ ಅಧಿಕಾರಿಯ ಕಂಪ್ಯೂಟರಿನಲ್ಲಿ ಅದು ಇಂಗ್ಲಿಷಿಗೆ ಇಳಿಯುವಾಗ 'ಅವರು ಹಣ ಹಾಕಿದ್ದಾರೆಂದು ನನಗೆ ತಿಳಿದಿದೆ' ಎಂದಾಗಿಬಿಡಬಹುದು. 'ಬೌದು' ಎಂಬ ಬಾಲ ಉದುರಿತು ಅಂದರೆ ಊಹೆ ಹೋಗಿ ಒಪ್ಪಿಗೆ ಆಯಿತು. ಇದರಲ್ಲಿ ದುರುದ್ದೇಶ ಇರಲೇಬೇಕು ಅಂತಿಲ್ಲ. ಸಾಯಂಕಾಲ ಏಳು ಗಂಟೆ, ಎಲ್ಲರಿಗೂ ಸುಸ್ತು, ಬಸ್ಸು ಹಿಡಿಯಬೇಕು, ಸಹಿ ಬಿತ್ತು. ಬಂಧನದ ಕಾರಣಗಳನ್ನು ಬರವಣಿಗೆಯಲ್ಲಿ, ಬಂಧಿತನಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು ಎಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಒಳ್ಳೆಯದೇ. ಆದರೆ ಅದು ಬಂಧನದ ಕಾಗದಕ್ಕೆ. ಹೇಳಿಕೆಯ ಕಾಗದಕ್ಕೂ ಅಷ್ಟೇ ಬಿಗಿಯಾದ ನಿಯಮ ಬರಬೇಕು ಅನ್ನುವುದು ನನ್ನ ಅಭಿಪ್ರಾಯ.

ವ್ಯಾಪಾರಿಗಳ ಕಷ್ಟ ಇನ್ನೊಂದು ಥರ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ನೋಟಿಸ್ ಬಂದಾಗ ರಾಜ್ಯದ ಎಷ್ಟೋ ಕಡೆ ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಎಂದು ಬರೆದರು. ನೋಟಿಸ್ ಅಂದರೆ ತೀರ್ಪಲ್ಲ, ಉತ್ತರ ಕೊಡಿ ಅನ್ನುವ ಪ್ರಶ್ನೆ. ಹಾಲು, ತರಕಾರಿ ಮಾರಿದ್ದಕ್ಕೆ ತೆರಿಗೆ ಇಲ್ಲ ಎಂದು ಒಂದು ಹಾಳೆಯಲ್ಲಿ ಲೆಕ್ಕ ಬರೆದು ಕೊಡಬಹುದಿತ್ತು. ದೊಡ್ಡ ವ್ಯಾಪಾರಿಗಳ ಗೋದಾಮಿಗೆ ತಪಾಸಣೆ ಬಂದಾಗ ಅಪಾಯ ಬೇರೆ. ಮಧ್ಯರಾತ್ರಿ ಆಗಿರುತ್ತದೆ, ಹೆಂಡತಿ ಮಕ್ಕಳು ಫೋನು ಮಾಡುತ್ತಿರುತ್ತಾರೆ, 'ಸ್ವಇಚ್ಛೆಯಿಂದ' ಇಷ್ಟು ಕಟ್ಟಿಬಿಡಿ ಎಂಬ ಸಲಹೆ ಬರುತ್ತದೆ. ಡಿಆರ್‌ಸಿ-03 ನಮೂನೆಯಲ್ಲಿ ಕಟ್ಟಿದರೆ ಕಾಗದದ ಪ್ರಕಾರ ಅದು ನಿಮ್ಮ ಇಚ್ಛೆ. ತಪಾಸಣೆ ವೇಳೆ ಒತ್ತಾಯದ ವಸೂಲಿ ಕೂಡದು ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯೇ 2022ರ ಮೇ ತಿಂಗಳಲ್ಲಿ ಸೂಚನೆ ಹೊರಡಿಸಿದೆ. ಮನೆಗೆ ಊಟ ತಲುಪಿಸುವ ಒಂದು ದೊಡ್ಡ ಕಂಪನಿ ಹೀಗೆ ಕಟ್ಟಿದ ಹಣವನ್ನು ವಾಪಸ್ ಕೊಡುವಂತೆ ನಮ್ಮ ಹೈಕೋರ್ಟು ಆದೇಶಿಸಿದ್ದೂ ಇದೆ. ಆ ಕಂಪನಿಗೆ ವಕೀಲರ ಪಡೆ ಇತ್ತು. ಗುಬ್ಬಿಯ ಅಡಿಕೆ ವ್ಯಾಪಾರಿಗೆ ಆ ರಾತ್ರಿ ಇರುವುದು ಮುನೀಮ ಒಬ್ಬನೇ.

ಮುನೀಮ ಅಂದಾಗ ಇನ್ನೊಂದು ಮಾತು. ಕಾರ್ಖಾನೆಯ ಮೇಲೆ ತನಿಖೆ ಬಂದರೆ ಕಂಪನಿಯೇ ವಕೀಲರನ್ನು ಗೊತ್ತು ಮಾಡುತ್ತದೆ. ಲೆಕ್ಕ ಬರೆಯುವ ನೌಕರನಿಗೂ "ನಮ್ಮ ವಕೀಲರೇ ನೋಡ್ಕೋತಾರೆ" ಎನ್ನುತ್ತಾರೆ. ಆತ ನೆಮ್ಮದಿಯಾಗಿ ಎಲ್ಲ ಹೇಳಿಕೊಳ್ಳುತ್ತಾನೆ. ನಾಳೆ ಮಾಲೀಕರು "ಎಂಟ್ರಿ ಹಾಕಿದ್ದು ಅವನು, ನಮಗೆ ಗೊತ್ತಿಲ್ಲ" ಅಂದರೆ? ಆ ವಕೀಲರು ಯಾರ ಕಡೆ? ಫೀಸು ಯಾರು ಕೊಡುತ್ತಾರೋ ಅವರ ಕಡೆ ಎಂದು ಗಟ್ಟಿಯಾಗಿ ಯಾರೂ ಹೇಳುವುದಿಲ್ಲ. ಒಳ್ಳೆಯ ಸಣ್ಣ ಕಚೇರಿಯ ಗುರುತು ಇಲ್ಲೇ ಸಿಗುತ್ತದೆ ಎನಿಸುತ್ತದೆ. ಮೊದಲ ದಿನವೇ "ನಾನು ಮಾಲೀಕರ ವಕೀಲ, ನಿಮಗೆ ಬೇರೆಯವರು ಬೇಕು" ಅಂತ ಎದ್ದು ಹೇಳುವವರು.

ವಕೀಲರ ಬಳಿ ಹೇಳಿದ ಗುಟ್ಟಿಗೂ ಈಚೆಗೆ ಆಪತ್ತು ಬಂದಿತ್ತು. 2025ರ ಜೂನ್‌ನಲ್ಲಿ ಇ.ಡಿ. ಕಕ್ಷಿದಾರರಿಗೆ ಸಲಹೆ ಕೊಟ್ಟ ಕಾರಣಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ಹಿರಿಯ ವಕೀಲರಾದ ಅರವಿಂದ ದಾತಾರ್, ಪ್ರತಾಪ್ ವೇಣುಗೋಪಾಲ್ ಅವರಿಗೇ ಸಮನ್ಸ್ ಕಳಿಸಿತು. ಗದ್ದಲವಾಯಿತು, ಸಮನ್ಸ್ ವಾಪಸಾಯಿತು. ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಕಕ್ಷಿದಾರನ ವಿವರ ತಿಳಿಯಲು ವಕೀಲರನ್ನು ಕರೆಸುವಂತಿಲ್ಲ. ಕಕ್ಷಿದಾರನ ಗುಟ್ಟನ್ನು ವಕೀಲರು ಬಿಟ್ಟುಕೊಡಬಾರದು ಎನ್ನುವ ಸಾಕ್ಷ್ಯ ಕಾನೂನಿನ 132ನೇ ಸೆಕ್ಷನ್ನಿನಲ್ಲಿರುವ ವಿನಾಯಿತಿಗೆ ಬಂದರೆ ಮಾತ್ರ, ಅದೂ ಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿಯ ಒಪ್ಪಿಗೆ ಬೇಕು. ಕಂಪನಿಯಲ್ಲಿ ಸಂಬಳಕ್ಕಿರುವ ಕಾನೂನು ಅಧಿಕಾರಿಗೆ 132ರ ರಕ್ಷಣೆ ಇಲ್ಲ ಎಂದೂ ಅದೇ ತೀರ್ಪು ಹೇಳಿದೆ. ಆ ಮುನೀಮನಿಗೆ ಇದನ್ನು ಯಾರಾದರೂ ಓದಿ ಹೇಳಬೇಕು.

ಲಂಚಕೋರರಿಗೆ ಇಷ್ಟೆಲ್ಲ ಉಪಚಾರ ಯಾಕೆ ಅಂತ ಕೇಳುವವರಿದ್ದಾರೆ. ಸಿಟ್ಟು ನ್ಯಾಯವಾದದ್ದೇ. ಖಾತೆ ಮಾಡಿಸಲು ಕೈ ಬಿಸಿ ಮಾಡದ ಮನೆ ನಮ್ಮ ಬೀದಿಯಲ್ಲಿ ಎಷ್ಟಿದೆ? ಆದರೆ ಎದುರಿಗೆ ಚುರುಕಾದ ವಕೀಲರಿದ್ದಾರೆ ಅಂದಾಗಲೇ ತನಿಖಾಧಿಕಾರಿ ಬಾಟಲಿಯ ಸೀಲು ಸರಿಯಾಗಿ ಹಾಕುವುದು, ಶೋಧನೆಯ ವಿಡಿಯೊ ತಪ್ಪದೆ ಮಾಡಿಸುವುದು. ನಿಜವಾದ ಕಳ್ಳ ತಾಂತ್ರಿಕ ತಪ್ಪಿನ ಸಂದಿಯಲ್ಲಿ ನುಸುಳಿ ಹೋಗುವುದನ್ನು ನೋಡಿ ನೋಡಿ ಸಾಕಾಗಿದೆ.

ನನಗಿರುವ ತಕರಾರು ಬೇರೆ. ಇಂಥ ವಕೀಲರು ಎಟುಕುವುದು ಯಾರಿಗೆ? ಎಂಜಿನಿಯರ್ ಸಾಹೇಬರಿಗೆ ಎಟುಕುತ್ತಾರೆ. ಅವರ ಡ್ರೈವರಿಗೆ, ಗ್ರಾಮ ಸಹಾಯಕನಿಗೆ ಎಟುಕುವುದಿಲ್ಲ. ವಕೀಲರು ಜಾಹೀರಾತು ಹಾಕುವಂತಿಲ್ಲ, ಹಾಗಾಗಿ ಯಾರು ಯಾವುದರಲ್ಲಿ ಪಳಗಿದವರು ಅನ್ನುವುದೂ ಬಾಯಿಂದ ಬಾಯಿಗೆ ಹೋಗುವ ಸುದ್ದಿ. ಆ ಸಂದಿಯಲ್ಲಿ ಕೆಲವರು ಬಂದು ಕೂರುತ್ತಾರೆ: "ಆಫೀಸರು ನಮ್ಮವರೇ, ಮಾತಾಡ್ತೀನಿ, ಇಷ್ಟು ಕೊಡಿ." ಲಂಚದ ಕೇಸಿನಿಂದ ಪಾರಾಗಲು ಇನ್ನೊಂದು ಲಂಚ! 2018ರ ತಿದ್ದುಪಡಿ ಆದ ಮೇಲೆ ಕೊಡುವವನೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಟ್ಟವನಿಗೆ ಮಾತ್ರ ರಕ್ಷಣೆ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. ಸಹಾಯವಾಣಿ 15100. ಬಂಧನಕ್ಕೆ ಮೊದಲೇ, ಠಾಣೆಯ ಹಂತದಲ್ಲೇ ನೆರವು ಕೊಡಬೇಕು ಎಂದು ರಾಷ್ಟ್ರೀಯ ಪ್ರಾಧಿಕಾರ 2019ರಲ್ಲಿ ಕ್ರಮ ರೂಪಿಸಿದೆ. ನನಗೆ ಗೊತ್ತಿರುವ ಯಾರೂ ಠಾಣೆಯಿಂದ ಆ ನಂಬರಿಗೆ ಫೋನು ಮಾಡಿದ್ದಿಲ್ಲ. ಮೊದಲ ಫೋನು ಯಾವಾಗಲೂ ಊರಿನ ಮುಖಂಡರಿಗೆ.

ಅಂದಹಾಗೆ ಭಾವನಿಗೆ ಆ ಕೇಸಿನಲ್ಲಿ ಸಾಕ್ಷಿ ಹೇಳಲು ಸಮನ್ಸ್ ಬಂದಾಗ ಐದು ವರ್ಷ ಕಳೆದಿತ್ತು. ಗುಲಾಬಿ ನೀರು ಅಷ್ಟು ಹೊತ್ತಿಗೆ ಬಾಟಲಿಯಲ್ಲೇ ಬಣ್ಣ ಕಳೆದುಕೊಂಡಿತ್ತಂತೆ. ಆರೋಪಿ ಕಡೆ ವಕೀಲರು ಅದರ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಪಾಟಿ ಸವಾಲು ಪೂರ್ತಿ ಆ ಬಿಳಿ ಹಾಳೆಯ ಸುತ್ತಲೇ. ಯಾರು ಹಾಳೆ ಕೊಟ್ಟರು, ಏನು ಬರೆಯಬೇಕೆಂದು ಯಾರಾದರೂ ಹೇಳಿಕೊಟ್ಟರಾ, ಆತ ಕೂತು ಬರೆದನಾ ನಿಂತು ಬರೆದನಾ, ನೀರು ಕೇಳಿದ್ದನಾ. ಕೊನೆಗೆ, ಪೆನ್ನು ಯಾರದ್ದು ಎಂದರು.

ಭಾವ ಒಂದು ಕ್ಷಣ ಸುಮ್ಮನಿದ್ದರಂತೆ. "ನಂದೇ ಸಾರ್. ಅವರ ಜೇಬಿಂದು ಪೊಲೀಸರು ತೆಗೆದಿಟ್ಟಿದ್ರು."